ರಕ್ತದ ಕ್ಯಾನ್ಸರ್: ಫೋನಿನಲ್ಲಿ ಡಾಕ್ಟರು, ಮನೆಯಲ್ಲಿ ತೀರ್ಮಾನ

(ಪೊಳಲಿಯಲ್ಲಿ ಸ್ವಸಹಾಯ ಸಂಘಗಳ ಸದಸ್ಯೆಯರಿಗೆ ನೀಡಿದ ಮಾಹಿತಿ ಭಾಷಣದ ಬರಹರೂಪ)



ಉಳಿತಾಯ, ಸಾಲ, ಮರುಪಾವತಿ ಇದರ ಲೆಕ್ಕ ಮುಗಿದ ಮೇಲೆ ಆರೋಗ್ಯದ ವಿಷಯಕ್ಕೆ ಸ್ವಲ್ಪ ಸಮಯ ಇಡುವುದು ನಮ್ಮ ಸಂಘಗಳ ಒಳ್ಳೆಯ ವಾಡಿಕೆ. ಇವತ್ತಿನ ವಿಷಯದ ಹೆಸರು ಕೇಳಿದರೆ ಕೆಲವರಿಗೆ ಹೆದರಿಕೆ ಆದೀತು. ರಕ್ತದ ಕ್ಯಾನ್ಸರ್, ಅಂದರೆ ಲ್ಯುಕೇಮಿಯಾ. ನಾನು ಕಾಯಿಲೆಯ ಬಗ್ಗೆ ಮಾತ್ರ ಹೇಳ್ಲಿಕ್ಕೆ ಬಂದದ್ದಲ್ಲ. ಈ ಕಾಯಿಲೆ ಬಂದ ಮನೆಯಲ್ಲಿ ಮೊದಲ ಒಂದೆರಡು ವಾರದಲ್ಲೇ ದೊಡ್ಡ ದೊಡ್ಡ ತೀರ್ಮಾನಗಳು ಆಗಿ ಹೋಗ್ತವೆ. ಎಲ್ಲಿ ಚಿಕಿತ್ಸೆ, ಎಷ್ಟು ಸಾಲ, ಯಾವ ಚಿನ್ನ ಅಡವಿಗೆ, ಆಸ್ಪತ್ರೆಯಲ್ಲಿ ಯಾರು ನಿಲ್ಲುವುದು. ಈ ತೀರ್ಮಾನ ಮಾಡುವವರು ಹೆಚ್ಚಾಗಿ ಕಾಯಿಲೆಯವರಲ್ಲ, ಅವರನ್ನು ನೋಡಿಕೊಳ್ಳುವ ಹೆಂಗಸರೂ ಅಲ್ಲ. ಮುಂಬಯಿಯಿಂದ ಒಬ್ಬರು, ಗಲ್ಫಿನಿಂದ ಇನ್ನೊಬ್ಬರು ಫೋನ್ ಮಾಡ್ತಾರೆ, ಅವರು ಹೇಳಿದ ಹಾಗೆ ಆಗ್ತದೆ. ಅದೇ ಫೋನಿನಲ್ಲಿ ಡಾಕ್ಟರ ಹತ್ತಿರ ನಾವೇ ಮಾತಾಡಿ, ಕೇಳಿ, ತಿಳಿದು, ಕಾಯಿಲೆಯವರನ್ನೂ ಕೂರಿಸಿಕೊಂಡು ತೀರ್ಮಾನ ಮಾಡ್ಲಿಕ್ಕೆ ಆಗ್ತದಾ? ಆಗ್ತದೆ. ಆದರೆ ಫೋನಿನಿಂದ ಯಾವುದು ಆಗ್ತದೆ, ಯಾವುದು ಆಗುವುದಿಲ್ಲ ಎಂದು ಮೊದಲು ಗೊತ್ತಿರಬೇಕು.

ಮೊದಲು ಕಾಯಿಲೆಯ ವಿಷಯ. ನಮ್ಮ ಎಲುಬಿನ ಒಳಗಿನ ಮಜ್ಜೆಯಲ್ಲಿ ರಕ್ತ ತಯಾರಾಗುವುದು. ಅಲ್ಲಿ ಬಿಳಿ ರಕ್ತಕಣಗಳು ಹದ ತಪ್ಪಿ ಬೆಳೆಯುವುದೇ ಲ್ಯುಕೇಮಿಯಾ. ಗದ್ದೆಯಲ್ಲಿ ಕಳೆ ತುಂಬಿದರೆ ಪೈರಿಗೆ ಜಾಗ ಇಲ್ಲ ಅಲ್ವಾ, ಹಾಗೆಯೇ ಒಳ್ಳೆಯ ಕಣಗಳಿಗೆ ಜಾಗ ಇಲ್ಲದಂತೆ ಆಗ್ತದೆ. ಕೆಂಪು ಕಣ ಕಡಿಮೆಯಾದರೆ ಸುಸ್ತು, ಮುಖ ಬಿಳಿಚಿಕೊಳ್ಳುವುದು. ಪ್ಲೇಟ್‌ಲೆಟ್ ಕಡಿಮೆಯಾದರೆ ಒಸಡಿನಲ್ಲಿ ರಕ್ತ, ಚರ್ಮದ ಮೇಲೆ ಕೆಂಪು ಚುಕ್ಕೆ, ಏಟು ಬೀಳದಿದ್ದರೂ ನೀಲಿ ಕಲೆ. ಹೆಂಗಸರಲ್ಲಿ ಮುಟ್ಟಿನ ರಕ್ತಸ್ರಾವ ವಿಪರೀತ ಆಗಬಹುದು. ನಾವು ಇದನ್ನು ಯಾರಿಗೂ ಹೇಳುವುದಿಲ್ಲ, ಅದೇ ತೊಂದರೆ. ಮಕ್ಕಳು ಕಾಲು ನೋವು, ಎಲುಬು ನೋವು ಅಂತ ಅಳುವುದುಂಟು. ಒಳ್ಳೆಯ ಬಿಳಿ ಕಣ ಇಲ್ಲದ ಕಾರಣ ಜ್ವರ ಮತ್ತೆ ಮತ್ತೆ ಬರ್ತದೆ.

ಜ್ವರ, ಪ್ಲೇಟ್‌ಲೆಟ್ ಕಡಿಮೆ ಅಂದ ಕೂಡಲೇ ನಿಮಗೆ ಡೆಂಗ್ಯೂ ನೆನಪಾಗಿರಬೇಕು. ಸರಿಯೇ. ನಮ್ಮ ಜಿಲ್ಲೆಯಲ್ಲಿ ಮಳೆಗಾಲ ಅಂದರೆ ಡೆಂಗ್ಯೂ, ಮಲೇರಿಯಾ, ಇಲಿಜ್ವರ. ಪ್ಲೇಟ್‌ಲೆಟ್ ಇಳಿದವರಲ್ಲಿ ಹೆಚ್ಚಿನವರಿಗೆ ಇಂತಹ ಜ್ವರವೇ ಕಾರಣ, ಕ್ಯಾನ್ಸರ್ ಅಲ್ಲ. ಡೆಂಗ್ಯೂವಿನಲ್ಲಿ ಇಳಿದ ಪ್ಲೇಟ್‌ಲೆಟ್ ಸಾಧಾರಣ ಒಂದು ವಾರ ಹತ್ತು ದಿನದಲ್ಲಿ ತಾನಾಗಿ ಏರ್ತದೆ. ಏರದೆ ಹಾಗೆಯೇ ಉಳಿದರೆ, ಅಥವಾ ಬಿಳಿ ಕಣದ ಲೆಕ್ಕ ತುಂಬಾ ಹೆಚ್ಚೋ ತುಂಬಾ ಕಡಿಮೆಯೋ ಇದ್ದರೆ, ಪಪ್ಪಾಯಿ ಎಲೆಯ ರಸ ಕುಡಿಸುತ್ತಾ ದಿನ ಕಳೆಯಬೇಡಿ. ರಕ್ತವನ್ನು ಗಾಜಿನ ಮೇಲೆ ಸವರಿ ಸೂಕ್ಷ್ಮದರ್ಶಕದಲ್ಲಿ ನೋಡುವ ಪರೀಕ್ಷೆ ಉಂಟು, ಸ್ಮಿಯರ್ ಅಂತ ಹೇಳ್ತಾರೆ. ಅದನ್ನು ಮಾಡಿಸಿ ಅಂತ ಡಾಕ್ಟರಲ್ಲಿ ಕೇಳಿ. ದೊಡ್ಡ ಖರ್ಚಿನ ಪರೀಕ್ಷೆ ಅಲ್ಲ.

ಇನ್ನೊಂದು ಮುಖ್ಯ ವಿಷಯ. ರಕ್ತದ ಕ್ಯಾನ್ಸರ್ ಅಂದರೆ ಒಂದು ಕಾಯಿಲೆ ಅಲ್ಲ. ದೊಡ್ಡದಾಗಿ ನಾಲ್ಕು ವಿಧ ಉಂಟು: ಎ.ಎಲ್.ಎಲ್., ಎ.ಎಂ.ಎಲ್., ಸಿ.ಎಂ.ಎಲ್., ಸಿ.ಎಲ್.ಎಲ್. ಮೊದಲ ಎರಡು ಬೇಗ ಬೇಗ ಏರುವಂಥವು, ಕೊನೆಯ ಎರಡು ನಿಧಾನದವು. ಒಂದಕ್ಕೆ ಎರಡೂವರೆ ವರ್ಷದ ಚಿಕಿತ್ಸೆ, ಇನ್ನೊಂದಕ್ಕೆ ದಿನಾ ಒಂದು ಗುಳಿಗೆ, ಮತ್ತೊಂದಕ್ಕೆ ಕೆಲವೊಮ್ಮೆ ಔಷಧಿಯೇ ಬೇಡ, ನೋಡಿಕೊಂಡಿದ್ದರೆ ಸಾಕು. ಹಾಗಿರುವಾಗ "ಅವರಿಗೂ ರಕ್ತದ ಕ್ಯಾನ್ಸರ್ ಇತ್ತು, ಎಷ್ಟು ಖರ್ಚು ಮಾಡಿದ್ರೂ ಉಳಿಯಲಿಲ್ಲ" ಅಂತ ನೆರೆಮನೆಯವರು ಹೇಳಿದ್ದನ್ನು ಕೇಳಿ ತೀರ್ಮಾನ ಮಾಡಿದರೆ ಹೇಗೆ? ಫೋನಿನಲ್ಲಾಗಲಿ ಎದುರಿನಲ್ಲಾಗಲಿ ಡಾಕ್ಟರಿಗೆ ಹಾಕಬೇಕಾದ ಮೊದಲ ಪ್ರಶ್ನೆ, "ಇದು ಯಾವ ವಿಧ?" ಆ ಹೆಸರನ್ನು ಅವರಿಂದಲೇ ಚೀಟಿಯಲ್ಲಿ ಬರೆಸಿಕೊಳ್ಳಿ.

ಈ ವಿಧ ಫೋನಿನಲ್ಲಿ ಗೊತ್ತಾಗುವುದಿಲ್ಲ. ಹೃದಯದ ವಿಷಯ ಬೇರೆ. ಮಂಗಳೂರಿನ ಹೃದಯತಜ್ಞ ಡಾ. ಪದ್ಮನಾಭ ಕಾಮತ್ ಅವರು ಹಳ್ಳಿಯ ಡಾಕ್ಟರುಗಳಿಗೆ ಇಸಿಜಿ ಯಂತ್ರ ಕೊಡಿಸಿ, ವಾಟ್ಸಾಪ್ ಗುಂಪಿನಲ್ಲಿ ಇಸಿಜಿ ನೋಡಿ ಕೂಡಲೇ ಸಲಹೆ ಕೊಡುವ ವ್ಯವಸ್ಥೆ ಮಾಡಿದ್ದನ್ನು ನೀವು ಕೇಳಿರಬಹುದು. ಇಸಿಜಿ ಒಂದು ಕಾಗದ, ಅದರ ಫೋಟೋ ಸಾಕು. ಲ್ಯುಕೇಮಿಯಾಕ್ಕೆ ಮಜ್ಜೆಯನ್ನೇ ತೆಗೆದು ಪರೀಕ್ಷಿಸಬೇಕು. "ಬೆನ್ನುಹುರಿಯಿಂದ ತೆಗೀತಾರೆ, ಮತ್ತೆ ನಡೀಲಿಕ್ಕೆ ಆಗುವುದಿಲ್ಲ" ಎಂಬ ಹೆದರಿಕೆಯಿಂದ ಪರೀಕ್ಷೆಯೇ ಬೇಡ ಅಂತ ಎದ್ದು ಬರುವವರುಂಟು. ಮಜ್ಜೆ ತೆಗೆಯುವುದು ಸೊಂಟದ ಎಲುಬಿನ ಹಿಂಭಾಗದಿಂದ, ಆ ಜಾಗಕ್ಕೆ ಮರಗಟ್ಟಿಸುವ ಇಂಜೆಕ್ಷನ್ ಕೊಟ್ಟು. ಎರಡು ದಿನ ನೋವು ಇದ್ದೀತು. ಕಾಲಿನ ಶಕ್ತಿ ಹೋಗುವ ಮಾತೇ ಇಲ್ಲ. ಎ.ಎಲ್.ಎಲ್. ಇರುವ ಮಕ್ಕಳಿಗೆ ಬೆನ್ನಿನಿಂದ ನೀರು ತೆಗೆದು ಅಲ್ಲಿಗೇ ಔಷಧಿ ಹಾಕುವುದು ಬೇರೆ ಕ್ರಮ. ಮಿದುಳಿನಲ್ಲಿ ಕಾಯಿಲೆ ಅಡಗಿ ಕೂರಬಾರದು ಅಂತ ಅದನ್ನು ಮಾಡುವುದು. ಎರಡನ್ನೂ ಒಂದೇ ಅಂತ ತಿಳಿದುಕೊಳ್ಳುವವರೇ ಹೆಚ್ಚು.

ಹಾಗಾದರೆ ಫೋನಿನಿಂದ ಎಂತ ಉಪಯೋಗ? ಸ್ವಲ್ಪ ಹಿನ್ನೆಲೆ ಹೇಳ್ತೇನೆ. ನಮ್ಮ ರಾಜ್ಯದಲ್ಲಿ 2002ರಲ್ಲೇ ಇಸ್ರೋದ ಉಪಗ್ರಹದ ಮೂಲಕ ಬೆಂಗಳೂರಿನ ನಾರಾಯಣ ಹೃದಯಾಲಯವನ್ನು ಚಾಮರಾಜನಗರದ ಜಿಲ್ಲಾ ಆಸ್ಪತ್ರೆಗೂ ಸರಗೂರಿನ ವಿವೇಕಾನಂದ ಆಸ್ಪತ್ರೆಗೂ ಜೋಡಿಸಿದ್ದರು. ಆಗ ಅದು ದೊಡ್ಡ ಯಂತ್ರಗಳ ಕೆಲಸ. ಈಗ ಕೈಯಲ್ಲಿರುವ ಮೊಬೈಲ್ ಸಾಕು. 2020ರ ಮಾರ್ಚ್ 25ರಂದು ಕೇಂದ್ರ ಸರಕಾರ ಟೆಲಿಮೆಡಿಸಿನ್ ಮಾರ್ಗಸೂಚಿ ಹೊರಡಿಸಿತು. ನೋಂದಣಿ ಇರುವ ಡಾಕ್ಟರು ಮಾತ್ರ ಹೀಗೆ ಸಲಹೆ ಕೊಡಬಹುದು, ಬರೆದುಕೊಡುವ ಚೀಟಿಯಲ್ಲಿ ಅವರ ನೋಂದಣಿ ಸಂಖ್ಯೆ ಇರಬೇಕು, ಮಕ್ಕಳ ವಿಷಯ ಮಾತಾಡುವಾಗ ಜೊತೆಗೆ ದೊಡ್ಡವರು ಇರಬೇಕು, ಎದುರಿಗೆ ನೋಡದೆ ಆಗುವುದಿಲ್ಲ ಅಂತ ಕಂಡರೆ ಡಾಕ್ಟರು ಆಸ್ಪತ್ರೆಗೆ ಬನ್ನಿ ಎನ್ನಬೇಕು. ಅದೇ ವರ್ಷ ಎಪ್ರಿಲ್‌ನಿಂದ ಇ-ಸಂಜೀವಿನಿ ಎಂಬ ಸರಕಾರದ ಉಚಿತ ಸೇವೆಯಲ್ಲಿ ಮನೆಯಿಂದಲೇ ಡಾಕ್ಟರನ್ನು ಕಾಣುವ ಅವಕಾಶ ಬಂತು. ಉಪಕೇಂದ್ರದಲ್ಲಿರುವ ಸಮುದಾಯ ಆರೋಗ್ಯ ಅಧಿಕಾರಿಯೂ ಇದರಲ್ಲಿ ಡಾಕ್ಟರನ್ನು ಸಂಪರ್ಕಿಸಿ ಕೊಡ್ತಾರೆ. ಅಲ್ಲಿ ಸಿಗುವವರು ಹೆಚ್ಚಾಗಿ ಸಾಮಾನ್ಯ ವೈದ್ಯರು, ಲ್ಯುಕೇಮಿಯಾ ತಜ್ಞರಲ್ಲ. ಆದರೂ ರಕ್ತದ ರಿಪೋರ್ಟ್ ತೋರಿಸಿ "ಇದು ಗಾಬರಿಯದ್ದಾ, ಎಲ್ಲಿಗೆ ಹೋಗ್ಬೇಕು" ಅಂತ ಕೇಳ್ಲಿಕ್ಕೆ ಧಾರಾಳ ಸಾಕು.

ದೊಡ್ಡ ಉಪಯೋಗ ಇರುವುದು ಚಿಕಿತ್ಸೆ ಶುರುವಾದ ಮೇಲೆ. ಪೊಳಲಿಯಿಂದ ಮಂಗಳೂರಿಗೆ ಸುಮಾರು 20 ಕಿಲೋಮೀಟರ್ ಅಷ್ಟೇ. ಹಾಗಂತ ಕೀಮೋ ತೆಗೆದುಕೊಂಡ ಮಗುವನ್ನು ತುಂಬಿದ ಬಸ್ಸಿನಲ್ಲಿ ಪದೇ ಪದೇ ಕರೆದುಕೊಂಡು ಹೋಗುವುದು ಸುಲಭವಾ? 2024ರ ಆಗಸ್ಟಿನಲ್ಲಿ ಅಡ್ಡೂರು ಸೇತುವೆಯಲ್ಲಿ ಘನ ವಾಹನ ನಿಷೇಧಿಸಿದಾಗ ಪಟ್ಟ ಪಾಡು ನಿಮಗೇ ಗೊತ್ತು. ಬೆಂಗಳೂರಿನ ಕಿದ್ವಾಯಿಗೆ ಹೋಗುವವರಿಗಂತೂ ಒಂದು ಬದಿಗೆ ಸುಮಾರು 350 ಕಿಲೋಮೀಟರ್, ಒಂದು ರಾತ್ರಿ ಪ್ರಯಾಣ. 1973ರಿಂದ ನಮ್ಮ ರಾಜ್ಯದ ಬಡವರಿಗೆ ಆಸರೆಯಾದ ಆಸ್ಪತ್ರೆ ಅದು. ಮಂಗಳೂರು, ದೇರಳಕಟ್ಟೆ, ಮಣಿಪಾಲದ ಮೆಡಿಕಲ್ ಕಾಲೇಜು ಆಸ್ಪತ್ರೆಗಳಲ್ಲೂ ಈಗ ಕ್ಯಾನ್ಸರ್ ವಿಭಾಗ ಉಂಟು.

ಎ.ಎಲ್.ಎಲ್. ಇರುವ ಮಗುವಿನ ಉದಾಹರಣೆ ತೆಗೆದುಕೊಳ್ಳಿ. ಮೊದಲ ಕೆಲವು ತಿಂಗಳು ಆಸ್ಪತ್ರೆಯಲ್ಲೇ ಚಿಕಿತ್ಸೆ. ಆಮೇಲೆ ಒಂದೂವರೆ ಎರಡು ವರ್ಷ ಮನೆಯಲ್ಲಿ ಗುಳಿಗೆ. ಆ ಹೊತ್ತಿಗೆ ಕೂದಲು ಬಂದಿರ್ತದೆ, ಮಗು ಶಾಲೆಗೆ ಹೋಗ್ತದೆ, ಗಂಜಿ ಚಟ್ನಿ ರುಚಿಯಾಗಿ ತಿನ್ತದೆ. ಗುಣ ಆಯ್ತಲ್ಲ, ಇನ್ನೆಂತಕ್ಕೆ ಔಷಧಿ ಅಂತ ನಿಲ್ಲಿಸುವ ಮನೆಗಳುಂಟು. ಮುಂದುವರಿದ ದೇಶಗಳಲ್ಲಿ ಈ ಕಾಯಿಲೆಯ 100 ಮಕ್ಕಳಲ್ಲಿ ಸುಮಾರು 90 ಮಕ್ಕಳು ಗುಣವಾಗ್ತಾರೆ. ನಮ್ಮ ದೇಶದಲ್ಲಿ ಅಷ್ಟು ಇಲ್ಲದಿರುವುದಕ್ಕೆ ಸೋಂಕು ಒಂದು ಕಾರಣ, ಅರ್ಧದಲ್ಲಿ ಚಿಕಿತ್ಸೆ ಬಿಡುವುದು ಇನ್ನೊಂದು. ಇಲ್ಲಿ ಫೋನು ಸಹಾಯಕ್ಕೆ ಬರ್ತದೆ. ಬಿ.ಸಿ. ರೋಡಿನ ಲ್ಯಾಬಿನಲ್ಲಿ ರಕ್ತ ಪರೀಕ್ಷೆ ಮಾಡಿಸಿ, ರಿಪೋರ್ಟಿನ ಫೋಟೋವನ್ನು ಆಸ್ಪತ್ರೆಯವರು ಕೊಟ್ಟ ನಂಬರಿಗೆ ಕಳಿಸಿದರೆ ಗುಳಿಗೆ ಹೆಚ್ಚಿಸಬೇಕಾ ಕಡಿಮೆ ಮಾಡಬೇಕಾ ಅಂತ ಅವರು ಹೇಳಬಹುದು. ಹೀಗೆ ಮಾಡಬಹುದಾ ಅಂತ ಬಿಡುಗಡೆಯ ದಿನವೇ ಕೇಳಿಟ್ಟುಕೊಳ್ಳಿ.

ಆದರೆ ಫೋನಿನಲ್ಲಿ ಕೇಳಿದ್ದನ್ನು ತಿರುಗಿ ಹೇಳಿ ಖಚಿತ ಮಾಡಿಕೊಳ್ಳಲೇಬೇಕು. ಈ ಮಕ್ಕಳಿಗೆ ಕೊಡುವ ಎರಡು ಮುಖ್ಯ ಗುಳಿಗೆಗಳಲ್ಲಿ ಮರ್ಕಾಪ್ಟೊಪ್ಯೂರಿನ್ ದಿನಾ ಕೊಡುವಂಥದ್ದು, ಮೆಥೊಟ್ರೆಕ್ಸೇಟ್ ವಾರಕ್ಕೆ ಒಂದೇ ದಿನ. ವಾರದ್ದನ್ನು ದಿನಾ ಕೊಟ್ಟರೆ ಅದೇ ವಿಷ ಆಗ್ತದೆ, ಜೀವಕ್ಕೇ ಅಪಾಯ. ಕ್ಯಾಲೆಂಡರಿನಲ್ಲಿ ಆ ದಿನಕ್ಕೆ ಕೆಂಪು ಗುರುತು ಹಾಕಿ. ಡಾಕ್ಟರು ಹೇಳಿದ ಮೇಲೆ "ನಾನು ಬರೆದದ್ದನ್ನು ಓದ್ತೇನೆ, ಸರಿಯಾ ನೋಡಿ" ಅಂತ ಹೇಳ್ಲಿಕ್ಕೆ ನಾಚಿಕೆ ಬೇಡ.

ಸಿ.ಎಂ.ಎಲ್. ವಿಷಯದಲ್ಲಂತೂ ಔಷಧಿಯ ಕಥೆಯೇ ಒಂದು ಪಾಠ. ಇಮ್ಯಾಟಿನಿಬ್ ಎಂಬ ಗುಳಿಗೆ 2001ರಲ್ಲಿ ಅಮೆರಿಕದಲ್ಲಿ ಒಪ್ಪಿಗೆ ಪಡೆಯಿತು. ಅದಕ್ಕೆ ಮೊದಲು ಕೆಲವೇ ವರ್ಷ ಬದುಕುತ್ತಿದ್ದವರು ಈಗ ದಿನಾ ಗುಳಿಗೆ ತೆಗೆದುಕೊಂಡು ಹೆಚ್ಚುಕಡಿಮೆ ಎಲ್ಲರ ಹಾಗೆ ಬದುಕ್ತಾರೆ. ಗ್ಲಿವೆಕ್ ಹೆಸರಿನಲ್ಲಿ ಕಂಪನಿ ಮಾರುವಾಗ ತಿಂಗಳಿಗೆ ಸುಮಾರು 1.2 ಲಕ್ಷ ರೂಪಾಯಿ. ನಮ್ಮ ದೇಶದ ಕಂಪನಿಗಳು ತಯಾರಿಸಿದ್ದಕ್ಕೆ ಆಗ ಸುಮಾರು 8ರಿಂದ 10 ಸಾವಿರ. 2013ರ ಎಪ್ರಿಲ್ 1ರಂದು ಸುಪ್ರೀಂ ಕೋರ್ಟ್ ಆ ಕಂಪನಿಗೆ ಪೇಟೆಂಟ್ ಕೊಡಲಿಕ್ಕಾಗದು ಅಂತ ತೀರ್ಪು ಕೊಟ್ಟ ಕಾರಣ ಕಡಿಮೆ ಬೆಲೆಯ ಗುಳಿಗೆ ಉಳಿಯಿತು. ಹಾಗಾಗಿ ಬ್ರ್ಯಾಂಡಿನ ಹೆಸರು ಬರೆದುಕೊಟ್ಟರೆ "ಇದೇ ಔಷಧಿ ಜೆನೆರಿಕ್‌ನಲ್ಲಿ ಆಗ್ತದಾ?" ಅಂತ ಕೇಳಿ.

ಈ ಗುಳಿಗೆಯ ಪರೀಕ್ಷೆ ಇರುವುದು ಶಿಸ್ತಿನಲ್ಲಿ. 2010ರಲ್ಲಿ ಲಂಡನ್ನಿನ ಹ್ಯಾಮರ್‌ಸ್ಮಿತ್ ಆಸ್ಪತ್ರೆಯವರು 87 ಮಂದಿ ಮೂರು ತಿಂಗಳು ಗುಳಿಗೆ ತೆಗೆದುಕೊಂಡದ್ದನ್ನು ಲೆಕ್ಕ ಹಾಕಿ ನೋಡಿದರು. ಹತ್ತರಲ್ಲಿ ಒಂಬತ್ತಕ್ಕಿಂತ ಹೆಚ್ಚು ಗುಳಿಗೆ ತಪ್ಪದೆ ತೆಗೆದುಕೊಂಡವರಲ್ಲಿ 100ಕ್ಕೆ 94 ಮಂದಿಗೆ ಕಾಯಿಲೆ ಚೆನ್ನಾಗಿ ಹತೋಟಿಗೆ ಬಂದಿತ್ತು. ಅದಕ್ಕಿಂತ ಕಡಿಮೆ ತೆಗೆದುಕೊಂಡವರಲ್ಲಿ 28 ಮಂದಿಗೆ ಮಾತ್ರ. ಅಂದರೆ ತಿಂಗಳಿಗೆ ಮೂರು ನಾಲ್ಕು ದಿನ ಬಿಟ್ಟದ್ದೇ ಸಾಕು. ಯಾರು ಬಿಡುವುದು? ಹೆಚ್ಚಾಗಿ ನಾವೇ. ಮಗಳ ಬಾಣಂತನ ಉಂಟು, ಗದ್ದೆ ನಾಟಿ ಉಂಟು, ಈ ತಿಂಗಳು ಕೈಯಲ್ಲಿ ದುಡ್ಡಿಲ್ಲ, ಒಂದು ವಾರ ಬಿಟ್ರೆ ಎಂತ ಆಗ್ತದೆ ಅಂತ. ಹೊಟ್ಟೆ ತೊಳೆಸುವುದು, ಕಣ್ಣಿನ ಸುತ್ತ ಬಾವು, ಸ್ನಾಯು ಹಿಡಿಯುವುದು ಇದ್ದರೆ ಗುಳಿಗೆ ಬಿಡುವ ಬದಲು ಫೋನಿನಲ್ಲಿ ಕೇಳಿ. ಊಟದ ಜೊತೆ ತೆಗೆದುಕೊಂಡರೆ ಎಷ್ಟೋ ಕಡಿಮೆ ಆಗ್ತದೆ. ಬಿ.ಸಿ.ಆರ್.-ಎ.ಬಿ.ಎಲ್. ಎಂಬ ರಕ್ತ ಪರೀಕ್ಷೆ ಮೊದಮೊದಲು ಮೂರು ತಿಂಗಳಿಗೊಮ್ಮೆ ಬೇಕು. ಅದರ ಫಲಿತಾಂಶದ ಬಗ್ಗೆ ಮಾತಾಡುವುದು ಫೋನಿನಲ್ಲೇ ಆದೀತು. ಮಗು ಬೇಕು ಅಂತ ಇರುವ ಹೆಣ್ಣುಮಕ್ಕಳು ಮಾತ್ರ ಬಸುರಿ ಆಗುವುದಕ್ಕೆ ಮೊದಲೇ ಡಾಕ್ಟರಲ್ಲಿ ಹೇಳಬೇಕು, ಈ ಔಷಧಿ ಗರ್ಭದ ಶಿಶುವಿಗೆ ಆಗುವುದಿಲ್ಲ. ಅತ್ತೆ, ಗಂಡ ಎದುರಿಗಿರುವಾಗ ಹೇಳ್ಲಿಕ್ಕಾಗದ ಈ ಮಾತನ್ನು ಫೋನಿನಲ್ಲಿ ಒಬ್ಬಳೇ ಕೂತು ಹೇಳಬಹುದು.

ಇನ್ನು ತೀರ್ಮಾನದ ವಿಷಯ. ಒಂದು ಮನೆ ಅಂತ ಇಟ್ಟುಕೊಳ್ಳಿ. ಎಪ್ಪತ್ತು ವರ್ಷದ ಅಮ್ಮನಿಗೆ ಎ.ಎಂ.ಎಲ್. ದೊಡ್ಡ ಮಗ "ಬೆಂಗಳೂರಿಗೆ ಕರ್ಕೊಂಡು ಹೋಗುವ, ಜಾಗ ಮಾರಿದ್ರೂ ಸರಿ" ಅಂತಾನೆ. ಮಗಳಿಗೆ ಅಮ್ಮನ ಶಕ್ತಿ ಎಷ್ಟೆಂದು ಗೊತ್ತು, ಆದರೆ ಅವಳನ್ನು ಯಾರೂ ಕೇಳುವುದಿಲ್ಲ. ಅಮ್ಮನಿಗೆ "ರಕ್ತ ಕಡಿಮೆ" ಅಂತ ಮಾತ್ರ ಹೇಳಿದ್ದಾರೆ. ಇಂಥ ವಯಸ್ಸಿನವರಿಗೆ ಬಲವಾದ ಕೀಮೋ ಒಂದು ದಾರಿ, ಅಜಾಸಿಟಿಡಿನ್, ವೆನೆಟೊಕ್ಲಾಕ್ಸ್‌ನಂಥ ಸ್ವಲ್ಪ ಮೃದುವಾದ ಔಷಧಿ ಇನ್ನೊಂದು ದಾರಿ, ರಕ್ತ ಕೊಟ್ಟು ನೋವು ಕಡಿಮೆ ಮಾಡಿ ಮನೆಯಲ್ಲಿ ನೋಡಿಕೊಳ್ಳುವುದೂ ಒಂದು ದಾರಿ. ಯಾವುದು ಸರಿ ಅಂತ ನಾನು ಇಲ್ಲಿ ನಿಂತು ಹೇಳ್ಲಿಕ್ಕಾಗುವುದಿಲ್ಲ. ಆದರೆ ಮಗ ಬೆಂಗಳೂರಿನಿಂದ, ಮಗಳು ಇಲ್ಲಿಂದ, ಅಮ್ಮ ಮಂಚದಲ್ಲಿ, ಡಾಕ್ಟರು ಆಸ್ಪತ್ರೆಯಲ್ಲಿ, ಎಲ್ಲರೂ ಒಂದೇ ವಿಡಿಯೋ ಕರೆಯಲ್ಲಿ ಸೇರಲಿಕ್ಕೆ ಆಗ್ತದೆ. ಅರ್ಧ ಗಂಟೆಯ ಮಾತು. ಪ್ರತಿಯೊಂದು ದಾರಿಯಲ್ಲೂ ಅಮ್ಮ ಎಷ್ಟು ದಿನ ಆಸ್ಪತ್ರೆಯಲ್ಲಿ ಇರಬೇಕು, ಎಷ್ಟು ದಿನ ಮನೆಯಲ್ಲಿ, ಏನು ಸಿಗುವ ಆಸೆ ಉಂಟು, ಖರ್ಚು ಎಷ್ಟು, ಮಧ್ಯದಲ್ಲಿ ಸಾಕು ಅನ್ನಿಸಿದರೆ ನಿಲ್ಲಿಸಬಹುದಾ ಅಂತ ಕೇಳಿ. ಸ್ಪೀಕರ್ ಹಾಕಿ, ಅಮ್ಮನಿಗೂ ಕೇಳಲಿ. ಅಮ್ಮನಿಗೆ ತುಳು ಮಾತ್ರ ಬರುವುದಾದರೆ ತುಳುವಿನಲ್ಲಿ ಹೇಳಿ ಅಂತ ಡಾಕ್ಟರಲ್ಲಿ ಕೇಳಿ, ಅವರಿಗೆ ಬಾರದಿದ್ದರೆ ಮಗಳು ಹೇಳಲಿ.

ಸಿ.ಎಲ್.ಎಲ್. ಇರುವ ಹಿರಿಯರಲ್ಲಿ ಕೆಲವರಿಗೆ ಡಾಕ್ಟರು ಔಷಧಿಯೇ ಕೊಡುವುದಿಲ್ಲ, ಮೂರು ನಾಲ್ಕು ತಿಂಗಳಿಗೊಮ್ಮೆ ಬನ್ನಿ ಅಂತಾರೆ. ಔಷಧಿ ಕೊಡದ ಡಾಕ್ಟರು ಎಂಥ ಡಾಕ್ಟರು ಅಂತ ನಮ್ಮವರು ಬೇರೆ ಕಡೆಗೆ ಓಡುವುದು! ಕಾದು ನೋಡುವುದೂ ಚಿಕಿತ್ಸೆಯ ತೀರ್ಮಾನವೇ, ಮಾರಾಯ್ರೆ. ಇದಕ್ಕೆ ಬದಲಾಗಿ ಕಾಯಲಿಕ್ಕೇ ಆಗದ ವಿಧವೂ ಒಂದುಂಟು. ಎ.ಎಂ.ಎಲ್.ನಲ್ಲೇ ಸೇರಿದ ಎ.ಪಿ.ಎಲ್. ಅದರಲ್ಲಿ ಮೊದಲ ದಿನಗಳಲ್ಲಿ ರಕ್ತಸ್ರಾವದಿಂದ ಜೀವ ಹೋಗುವ ಅಪಾಯ, ಆದರೆ ಬೇಗ ಔಷಧಿ ಸಿಕ್ಕಿದವರಲ್ಲಿ ಹೆಚ್ಚಿನವರು ಪೂರ್ತಿ ಗುಣವಾಗ್ತಾರೆ. ಡಾಕ್ಟರು ಈ ಹೆಸರು ಹೇಳಿದರೆ ಎರಡನೇ ಅಭಿಪ್ರಾಯ, ಕುಟುಂಬದ ಸಭೆ ಯಾವುದೂ ಬೇಡ, ಆ ದಿನವೇ ಸೇರಿಸಿ.

ಉಳಿದವರು ಎರಡನೇ ಅಭಿಪ್ರಾಯ ಕೇಳುವುದು ತಪ್ಪಲ್ಲ. ಡಾಕ್ಟರಿಗೆ ಬೇಜಾರಾಗ್ತದೆ ಅಂತ ಹೆದರಬೇಡಿ. ಮುಂಬಯಿಯ ಟಾಟಾ ಮೆಮೋರಿಯಲ್ ಮತ್ತು 2012ರಲ್ಲಿ ಶುರುವಾದ ನ್ಯಾಷನಲ್ ಕ್ಯಾನ್ಸರ್ ಗ್ರಿಡ್‌ನ ತಜ್ಞರ ಅಭಿಪ್ರಾಯವನ್ನು ನವ್ಯಾ ಎಂಬ ಆನ್‌ಲೈನ್ ಸೇವೆಯ ಮೂಲಕ, ರಿಪೋರ್ಟ್‌ಗಳನ್ನು ಕಳಿಸಿ, ಬರಹದಲ್ಲೇ ಪಡೆಯಬಹುದು. ಅದಕ್ಕೆ ನಿಮ್ಮ ಕೈಯಲ್ಲಿ ಕಾಗದ ಬೇಕು. ವೈದ್ಯಕೀಯ ಮಂಡಳಿಯ 2002ರ ನಿಯಮದ ಪ್ರಕಾರ ಕೇಳಿದ 72 ಗಂಟೆಯೊಳಗೆ ದಾಖಲೆ ಕೊಡಬೇಕು. ಮಜ್ಜೆಯ ರಿಪೋರ್ಟ್, ಬಿಡುಗಡೆ ಚೀಟಿ, ರಕ್ತದ ಲೆಕ್ಕ ಎಲ್ಲವನ್ನೂ ತಾರೀಕಿನ ಕ್ರಮದಲ್ಲಿ ಒಂದು ಫೈಲಿನಲ್ಲಿಡಿ. ಫೋಟೋ ತೆಗೆಯುವಾಗ ಬೆಳಕಿನಲ್ಲಿ, ಪೂರ್ತಿ ಪುಟ ಬರುವ ಹಾಗೆ. ನಮ್ಮ ಸಂಘದ ನಡಾವಳಿ ಪುಸ್ತಕ ಬರೆಯುವವರಿಗೆ ಇದು ಹೊಸ ಕೆಲಸ ಅಲ್ಲ.

ಫೋನು ಕೆಳಗಿಟ್ಟು ಹೊರಡಬೇಕಾದ ಸಂದರ್ಭ ಒಂದುಂಟು, ಇದನ್ನು ದಯವಿಟ್ಟು ನೆನಪಿಡಿ. ಕೀಮೋ ನಡೆಯುತ್ತಿರುವವರಿಗೆ 100.4 ಡಿಗ್ರಿ ಜ್ವರ ಬಂತು ಅಂದರೆ ಕ್ರೋಸಿನ್ ಕೊಟ್ಟು, ಕಷಾಯ ಕೊಟ್ಟು ಬೆಳಗಾಗಲಿ ಅಂತ ಕಾಯಬಾರದು. ಬಿಳಿ ಕಣ ಇಲ್ಲದ ದೇಹದಲ್ಲಿ ಸೋಂಕು ಕೆಲವೇ ಗಂಟೆಯಲ್ಲಿ ಏರ್ತದೆ. ಹೊರಡುವಾಗ ದಾರಿಯಿಂದಲೇ ಆಸ್ಪತ್ರೆಗೆ ಫೋನ್ ಮಾಡಿ, ಉತ್ತರ ಬರಲಿ ಅಂತ ಮನೆಯಲ್ಲಿ ಕೂರುವುದು ಬೇಡ. ರಕ್ತಸ್ರಾವ ನಿಲ್ಲದಿದ್ದರೆ, ಉಸಿರಾಟಕ್ಕೆ ಕಷ್ಟವಾದರೆ, ವಿಪರೀತ ತಲೆನೋವಿನಲ್ಲಿ ಮಂಪರು ಬಂದರೆ ಕೂಡ ಹಾಗೆಯೇ. ಆಂಬುಲೆನ್ಸಿಗೆ 108. ದಾರಿಯ ಕ್ಲಿನಿಕ್ಕಿನಲ್ಲಿ ಸೊಂಟಕ್ಕೆ ಇಂಜೆಕ್ಷನ್ ಹಾಕಿಸಬೇಡಿ, ಪ್ಲೇಟ್‌ಲೆಟ್ ಕಡಿಮೆ ಇದ್ದರೆ ಒಳಗೆ ರಕ್ತಸ್ರಾವ ಆಗಬಹುದು. ಒಂದು ಥರ್ಮಾಮೀಟರ್ ಸಂಘದಿಂದಲೇ ತೆಗೆದುಕೊಟ್ಟರೂ ಅದು ದೊಡ್ಡ ಸಹಾಯ.

ಫೋನಿನಲ್ಲಿ ಮೋಸವೂ ಉಂಟು. "ಕೀಮೋ ಇಲ್ಲದೆ ಮೂರು ತಿಂಗಳಲ್ಲಿ ಗುಣ" ಅಂತ ವಿಡಿಯೋ ಕಳಿಸಿ ಹಣ ಕೇಳುವವರಲ್ಲಿ ನೋಂದಣಿ ಸಂಖ್ಯೆ ಕೇಳಿ, ಹೆಚ್ಚಿನವರು ಅಲ್ಲಿಗೇ ಮಾತು ನಿಲ್ಲಿಸ್ತಾರೆ. ಕರೆ ಮಾಡಿ ಒಟಿಪಿ ಹೇಳಿ ಅನ್ನುವವರಿಗೆ ಹೇಳಬೇಡಿ.

ಕೊನೆಗೆ ಹಣದ ವಿಷಯ. ಸಂಘದಿಂದ ಸಾಲ ತೆಗೆಯುವ ಮೊದಲು ಆಯುಷ್ಮಾನ್ ಭಾರತ್–ಆರೋಗ್ಯ ಕರ್ನಾಟಕ ಯೋಜನೆಯಲ್ಲಿ ಎಷ್ಟು ಸಿಗ್ತದೆ ಎಂದು ಆಸ್ಪತ್ರೆಯ ಆರೋಗ್ಯಮಿತ್ರರಲ್ಲಿ ವಿಚಾರಿಸಿ. ಬಿಪಿಎಲ್ ಕುಟುಂಬಕ್ಕೆ ವರ್ಷಕ್ಕೆ 5 ಲಕ್ಷ ರೂಪಾಯಿ ತನಕ, ಎಪಿಎಲ್‌ನವರಿಗೆ ಯೋಜನೆಯ ದರದ ನೂರಕ್ಕೆ 30, ಅದೂ ವರ್ಷಕ್ಕೆ 1.5 ಲಕ್ಷದ ಮಿತಿಯಲ್ಲಿ. ತುರ್ತು ಅಲ್ಲದಿದ್ದರೆ ಸರಕಾರಿ ಆಸ್ಪತ್ರೆಯ ಶಿಫಾರಸು ಪತ್ರ ಬೇಕು. ಅದಿಲ್ಲದೆ ನೇರ ದೊಡ್ಡ ಆಸ್ಪತ್ರೆಗೆ ಹೋಗಿ ಕೈಯಿಂದ ಹಣ ಕಟ್ಟಿದವರು ಎಷ್ಟೋ ಮಂದಿ. ಬೀಡಿ ಕಟ್ಟುವವರು ಗುರುತಿನ ಚೀಟಿ ತೆಗೆದುಕೊಂಡು ಬೀಡಿ ಕಾರ್ಮಿಕರ ಔಷಧಾಲಯದಲ್ಲೂ ಕ್ಯಾನ್ಸರ್ ನೆರವಿನ ಬಗ್ಗೆ ಕೇಳಿ. ಆಯುಷ್ಮಾನ್ ಕಾರ್ಡ್ ಮಾಡಿಸದವರು ಈ ವಾರವೇ ಗ್ರಾಮ ಒನ್‌ಗೆ ಹೋಗಿ. ರೇಷನ್ ಕಾರ್ಡಿನಲ್ಲೂ ಆಧಾರಿನಲ್ಲೂ ಹೆಸರು ಒಂದೇ ರೀತಿ ಉಂಟಾ ನೋಡಿಕೊಳ್ಳಿ, ಆಧಾರಿಗೆ ಜೋಡಿಸಿದ ಮೊಬೈಲ್ ಕೈಯಲ್ಲಿರಲಿ. ಅದು ಗಂಡನ ಹತ್ತಿರ ಗಲ್ಫಿನಲ್ಲಿದ್ದರೆ ನಂಬರ್ ಮೊದಲೇ ಬದಲಾಯಿಸಿಕೊಳ್ಳಿ.